ಕಾಲರಾ ಎಲ್ಲಿ ಅಡಗಿರುತ್ತೆ? ರೀಟಾ ಕಾಲ್ವೆಲ್ ನೀರಿನಲ್ಲಿ ಹುಡುಕಿದ ಉತ್ತರ

ಕಾಲರಾ ಬಂದು ಹೋಗುವ ರೀತಿಯೇ ವಿಚಿತ್ರ. ಒಂದು ಊರಿಗೆ ಬರುತ್ತದೆ, ಕೆಲವೇ ವಾರಗಳಲ್ಲಿ ನೂರಾರು ಜನರನ್ನು ಮಲಗಿಸುತ್ತದೆ, ಆಮೇಲೆ ಇದ್ದಕ್ಕಿದ್ದ ಹಾಗೆ ಮಾಯ. ತಿಂಗಳುಗಟ್ಟಲೆ ಒಂದು ಕೇಸೂ ಇರುವುದಿಲ್ಲ. ಮುಂದಿನ ವರ್ಷ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಮತ್ತೆ ಹಾಜರು. ಬಾಂಗ್ಲಾದೇಶದ ಹಳ್ಳಿಗಳಲ್ಲಂತೂ ಇದಕ್ಕೆ ಎರಡು ಸೀಸನ್. ಬೇಸಿಗೆ ಶುರುವಾಗುವಾಗ ಒಂದು, ಮಳೆಗಾಲ ಮುಗಿಯುವಾಗ ಇನ್ನೊಂದು. ಹಾಗಾದರೆ ನಡುವಿನ ತಿಂಗಳುಗಳಲ್ಲಿ ಆ ರೋಗಾಣು ಎಲ್ಲಿರುತ್ತದೆ?

1960ರ ದಶಕದವರೆಗೂ ಹೆಚ್ಚಿನ ವೈದ್ಯರ ಉತ್ತರ ಒಂದೇ: ಮನುಷ್ಯರ ಹೊಟ್ಟೆಯಲ್ಲಿ. ರೋಗಿಯ ಮಲ ನೀರಿಗೆ ಸೇರುತ್ತದೆ, ಆ ನೀರು ಕುಡಿದವರಿಗೆ ರೋಗ ಬರುತ್ತದೆ, ಅವರಿಂದ ಮತ್ತೆ ನೀರಿಗೆ. ನಡುವೆ ರೋಗ ಕಾಣಿಸದಿದ್ದರೆ, ಯಾರೋ ಲಕ್ಷಣವಿಲ್ಲದವರು ಅದನ್ನು ಹೊತ್ತು ತಿರುಗುತ್ತಿದ್ದಾರೆ ಎಂದರ್ಥ. ಇದು ಸುಮ್ನೆ ಹುಟ್ಟಿದ ನಂಬಿಕೆಯಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತ ಸತ್ತವರ ಮನೆಗಳನ್ನು ಗುರುತು ಮಾಡಿ ಜಾನ್ ಸ್ನೋ ತೋರಿಸಿಕೊಟ್ಟದ್ದು ಇದನ್ನೇ. ಅದೇ ವರ್ಷ ಇಟಲಿಯಲ್ಲಿ ಫಿಲಿಪ್ಪೊ ಪಚೀನಿ ಸೂಕ್ಷ್ಮದರ್ಶಕದಲ್ಲಿ ಆ ರೋಗಾಣುವನ್ನು ಕಂಡಿದ್ದರು. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತಾದಲ್ಲಿ ಅದನ್ನು ಬೇರ್ಪಡಿಸಿ ಬೆಳೆಸಿದರು. ಅಲ್ಪವಿರಾಮದಂತೆ ಬಾಗಿದ ಬ್ಯಾಕ್ಟೀರಿಯಾ, ಹೆಸರು ವಿಬ್ರಿಯೊ ಕಾಲರೇ. 1959ರಲ್ಲಿ ಅದೇ ಕಲ್ಕತ್ತಾದಲ್ಲಿ ಶಂಭುನಾಥ್ ಡೇ ಎಂಬ ವಿಜ್ಞಾನಿ, ಈ ಬ್ಯಾಕ್ಟೀರಿಯಾ ಬಿಡುವ ಒಂದು ವಿಷವೇ ಕರುಳಿನ ನೀರನ್ನೆಲ್ಲ ಹೊರಗೆ ಸುರಿಸುತ್ತದೆ ಎಂದು ತೋರಿಸಿದರು. ರೋಗ ಹೇಗೆ ಕೊಲ್ಲುತ್ತದೆ, ಹೇಗೆ ಹರಡುತ್ತದೆ, ಎರಡೂ ಗೊತ್ತಾಯಿತು. ಎಲ್ಲಿ ವಾಸ ಮಾಡುತ್ತದೆ ಎಂಬುದು ಮಾತ್ರ ಉಳಿಯಿತು.

ಆ ಉಳಿದ ಪ್ರಶ್ನೆಯ ಹಿಂದೆ ಬಿದ್ದವರು ರೀಟಾ ಕಾಲ್ವೆಲ್. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ. ಪರಿಸರದ ಸೂಕ್ಷ್ಮಜೀವಿಗಳನ್ನು ನೋಡುವವರು ಜನರ ಆರೋಗ್ಯಕ್ಕೆ ಏನು ಮಾಡಬಲ್ಲರು ಎಂದು ಯಾರಾದರೂ ಕೇಳಿದರೆ ಅವರ ಕೆಲಸವನ್ನೇ ಮೊದಲು ಹೇಳಬೇಕು ಅನ್ನಿಸುತ್ತದೆ ನನಗೆ.

ಅವರು ಹುಟ್ಟಿದ್ದು 1934ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಬೆವರ್ಲಿ ಎಂಬ ಊರಿನಲ್ಲಿ, ಇಟಲಿಯಿಂದ ವಲಸೆ ಬಂದ ಕುಟುಂಬದಲ್ಲಿ. ಎಂಟು ಮಕ್ಕಳಲ್ಲಿ ಏಳನೆಯವರು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಬ್ಯಾಕ್ಟೀರಿಯಾಶಾಸ್ತ್ರದಲ್ಲಿ ಪದವಿ ಮುಗಿಸಿ ಅದೇ ವಿಷಯದಲ್ಲಿ ಮುಂದೆ ಓದಲು ಫೆಲೋಶಿಪ್ ಕೇಳಿದರು. ಹೆಂಗಸರಿಗೆ ಫೆಲೋಶಿಪ್ ಕೊಟ್ಟು ವ್ಯರ್ಥ ಮಾಡುವುದಿಲ್ಲ ಎಂಬ ಉತ್ತರ ಬಂತು. ಬೇರೆ ವಿಭಾಗಕ್ಕೆ ಹೋಗಿ ಹಣ್ಣುನೊಣಗಳ ತಳಿವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಮೇಲೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಮುದ್ರದ ಬ್ಯಾಕ್ಟೀರಿಯಾಗಳ ಮೇಲೆ ಪಿಎಚ್.ಡಿ., 1961ರಲ್ಲಿ.

ಈ ಬಳಸುದಾರಿಯಿಂದ ಎರಡು ಲಾಭವಾಯಿತು. ಒಂದು, ಅವರು ವೈದ್ಯರ ಗುಂಪಿನ ಹೊರಗಿದ್ದರು. ಕಾಲರಾ ಬ್ಯಾಕ್ಟೀರಿಯಾವನ್ನು ಆಸ್ಪತ್ರೆಯ ಹಾಸಿಗೆಯ ಕಡೆಯಿಂದ ನೋಡದೆ ಸಮುದ್ರದ ಕಡೆಯಿಂದ ನೋಡಿದರು. ಎರಡು, ಆಗ ಜೀವವಿಜ್ಞಾನಿಗಳು ಹತ್ತಿರವೂ ಸುಳಿಯದಿದ್ದ ಕಂಪ್ಯೂಟರನ್ನು ಅವರು ಬಳಸಿದರು. ನೂರಾರು ಬ್ಯಾಕ್ಟೀರಿಯಾಗಳ ಗುಣಗಳನ್ನು ಹೋಲಿಸಿ ಯಾವುದು ಯಾವುದಕ್ಕೆ ಹತ್ತಿರ ಎಂದು ವಿಂಗಡಿಸಲು ಐಬಿಎಂ 650 ಯಂತ್ರಕ್ಕೆ ಪ್ರೋಗ್ರಾಂ ಬರೆದರು. ಇಂಥ ಹೋಲಿಕೆಯಲ್ಲಿ ಅವರಿಗೆ ಕಂಡದ್ದು ಇದು: ರೋಗಿಗಳಿಂದ ತೆಗೆದ ಕಾಲರಾ ಬ್ಯಾಕ್ಟೀರಿಯಾಕ್ಕೂ ಸಮುದ್ರದ ನೀರಿನಲ್ಲಿ ಸಿಗುವ ಅದರ ಬಂಧುಗಳಿಗೂ ನಡುವೆ ಗೋಡೆಯೇ ಇಲ್ಲ. ಹಾಗಿದ್ದರೆ ಕಾಲರಾ ಬ್ಯಾಕ್ಟೀರಿಯಾ ಕೂಡ ಮೂಲದಲ್ಲಿ ನೀರಿನ ಜೀವಿಯೇ ಆಗಿರಬಹುದಲ್ವಾ?

ಹುಡುಕಲು ಅವರು ಆರಿಸಿಕೊಂಡ ಜಾಗ ಚೆಸಪೀಕ್ ಕೊಲ್ಲಿ. ವಾಷಿಂಗ್ಟನ್ ನಗರದ ಪಕ್ಕದಲ್ಲೇ ಇರುವ ಇಲ್ಲಿ ನದಿಗಳ ಸಿಹಿನೀರು ಸಮುದ್ರದ ಉಪ್ಪುನೀರಿಗೆ ಸೇರುತ್ತದೆ. ಆ ಭಾಗದಲ್ಲಿ ಕಾಲರಾ ರೋಗ ದಶಕಗಳಿಂದ ಇರಲಿಲ್ಲ. ಆದರೂ ನೀರಿನಲ್ಲಿ ವಿಬ್ರಿಯೊ ಕಾಲರೇ ಸಿಕ್ಕಿತು. 1977ರಲ್ಲಿ ಕಾಲ್ವೆಲ್ ಮತ್ತು ಅವರ ತಂಡ ಇದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ರೋಗಿಯೇ ಇಲ್ಲದ ಊರಿನಲ್ಲಿ ರೋಗಾಣು ಇದೆ ಎಂದರೆ ಯಾರು ನಂಬುತ್ತಾರೆ? ಬಹಳ ಜನ ನಂಬಲಿಲ್ಲ. ವರ್ಷಗಟ್ಟಲೆ ಟೀಕೆ ಕೇಳಿಬಂತು.

ನಂಬದಿರಲು ಒಂದು ಬಲವಾದ ಕಾರಣವೂ ಇತ್ತು. ಕಾಲರಾ ಹಾವಳಿ ಇರುವ ಊರಿನಲ್ಲೇ, ರೋಗ ಇಳಿದ ಮೇಲೆ ಕೆರೆ ನೀರು ತಂದು ಪರೀಕ್ಷೆ ಮಾಡಿದರೆ ಬ್ಯಾಕ್ಟೀರಿಯಾ ಸಿಗುತ್ತಿರಲಿಲ್ಲ. ಆ ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಕಡು ಹಸಿರು ಬಣ್ಣದ ಅಗರ್ ಎಂಬ ಲೋಳೆಯಂಥ ವಸ್ತು ಹಾಕಿರುತ್ತಾರೆ. ಅದರಲ್ಲಿ ಪಿತ್ತದ ಲವಣ ಇರುವುದರಿಂದ ಬೇರೆ ಬಹಳಷ್ಟು ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ. ಸಕ್ಕರೆಯೂ ಇರುತ್ತದೆ. ವಿಬ್ರಿಯೊ ಕಾಲರೇ ಆ ಸಕ್ಕರೆ ತಿಂದು ಆಮ್ಲ ಬಿಡುತ್ತದೆ, ಆಗ ಸುತ್ತಲಿನ ಹಸಿರು ಹಳದಿಗೆ ತಿರುಗುತ್ತದೆ. ನೀರಿನ ಸ್ಯಾಂಪಲ್ ಸವರಿ ಒಂದು ರಾತ್ರಿ ಬೆಚ್ಚಗಿಟ್ಟು, ಬೆಳಿಗ್ಗೆ ಹಳದಿ ಚುಕ್ಕೆಗಳು ಮೂಡಿದ್ದರೆ ಅನುಮಾನ ಗಟ್ಟಿ. ಮೂಡದಿದ್ದರೆ ನೀರಿನಲ್ಲಿ ಇಲ್ಲ ಎಂದು ತೀರ್ಮಾನ.

ಕಾಲ್ವೆಲ್ ಕೈ ಹಾಕಿದ್ದು ಈ ತೀರ್ಮಾನಕ್ಕೇ. ತಟ್ಟೆಯಲ್ಲಿ ಬೆಳೆಯದಿದ್ದರೆ ಸತ್ತಿದೆ ಎಂದು ಏಕೆ ಅಂದುಕೊಳ್ಳಬೇಕು? 1982ರಲ್ಲಿ ಅವರ ತಂಡ ತೋರಿಸಿದ್ದು ಇದನ್ನು: ನೀರು ತಣ್ಣಗಾದಾಗ, ಆಹಾರ ಸಿಗದಾಗ, ಬ್ಯಾಕ್ಟೀರಿಯಾ ಕುಗ್ಗಿ ಚಿಕ್ಕದಾಗುತ್ತದೆ, ಉಂಡೆಯಾಗುತ್ತದೆ, ಚಟುವಟಿಕೆ ತೀರಾ ಕಡಿಮೆ ಮಾಡಿಕೊಳ್ಳುತ್ತದೆ. ತಟ್ಟೆಗೆ ಹಾಕಿದರೆ ಬೆಳೆಯುವುದಿಲ್ಲ. ಆದರೆ ಜೀವ ಹೋಗಿರುವುದಿಲ್ಲ. ಒಣ ನೆಲದಲ್ಲಿ ಮಳೆಗೆ ಕಾದು ಕೂತ ಬೀಜದ ಹಾಗೆ. ಇಂಥ ಕಣಗಳನ್ನು ಕಾಣಲು ಅವರು ಇನ್ನೊಂದು ದಾರಿ ಹಿಡಿದರು. ವಿಬ್ರಿಯೊ ಕಾಲರೇಗೆ ಮಾತ್ರ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಜೋಡಿಸಿ ನೀರಿನ ಸ್ಯಾಂಪಲ್‌ಗೆ ಹಾಕುವುದು. ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಪುಟ್ಟ ಪುಟ್ಟ ಹಸಿರು ಕಣಗಳು ಮಿನುಗುತ್ತವೆ.

1980ರ ದಶಕದ ಕೊನೆಯಲ್ಲಿ ಬಾಂಗ್ಲಾದೇಶದ ಕೆರೆ, ನದಿಗಳ ನೂರಾರು ಸ್ಯಾಂಪಲ್‌ಗಳನ್ನು ಎರಡೂ ವಿಧಾನದಲ್ಲಿ ಪರೀಕ್ಷಿಸಿದರು. ತಟ್ಟೆಯಲ್ಲಿ ಬೆಳೆಸಿದಾಗ ಶೇ. 1ಕ್ಕಿಂತ ಕಡಿಮೆ ಸ್ಯಾಂಪಲ್‌ಗಳಲ್ಲಿ ಕಾಲರಾ ಬ್ಯಾಕ್ಟೀರಿಯಾ ಸಿಕ್ಕಿತು. ಹೊಳೆಯುವ ಪ್ರತಿಕಾಯ ಹಾಕಿದಾಗ ಸುಮಾರು ಶೇ. 63ರಲ್ಲಿ! ನೂರು ವರ್ಷ ವಿಜ್ಞಾನಿಗಳ ಕಣ್ಣೆದುರೇ ಇದ್ದರೂ ಅದು ಕಂಡಿರಲಿಲ್ಲ. ಈ ಸ್ಥಿತಿಯ ಬ್ಯಾಕ್ಟೀರಿಯಾ ಮನುಷ್ಯರ ಕರುಳು ಸೇರಿದ ಮೇಲೆ ಮತ್ತೆ ಬೆಳೆಯುವ ಸ್ಥಿತಿಗೆ ಮರಳುತ್ತದೆ ಎಂಬುದನ್ನು 1990ರ ದಶಕದಲ್ಲಿ ಸ್ವಯಂಸೇವಕರ ಮೇಲೆ ನಡೆದ ಅಧ್ಯಯನ ತೋರಿಸಿತು.

ಸರಿ, ನೀರಿನಲ್ಲಿದೆ. ನೀರಿನಲ್ಲಿ ಎಲ್ಲಿ? ಇಲ್ಲಿ ಬರುತ್ತದೆ ಕೋಪೆಪಾಡ್. ಇದು ಸಿಗಡಿ, ಏಡಿಗಳ ಬಂಧು. ಬಹುಪಾಲು ಒಂದು ಮಿಲಿಮೀಟರ್ ಆಸುಪಾಸು. ಕೆರೆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ತಟಕ್ಕನೆ ಜಿಗಿಯುವ ಬಿಳಿ ಚುಕ್ಕೆಗಳು ಕಾಣುತ್ತವಲ್ಲ, ಎಷ್ಟೋ ಸಲ ಅದೇ. ಅದರ ಹೊರಕವಚ ಕೈಟಿನ್ ಎಂಬ ವಸ್ತುವಿನದು. ವಿಬ್ರಿಯೊ ಕಾಲರೇಗೆ ಕೈಟಿನ್ ಎಂದರೆ ಊಟ, ವಸತಿ ಎರಡೂ. ಕವಚಕ್ಕೆ, ಬಾಯಿಯ ಸುತ್ತ, ಮೊಟ್ಟೆಯ ಚೀಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಒಂದೇ ಕೋಪೆಪಾಡ್ ಮೇಲೆ ಹತ್ತು ಸಾವಿರದವರೆಗೂ ಬ್ಯಾಕ್ಟೀರಿಯಾ ಇರಬಹುದು. ಬಾಂಗ್ಲಾದೇಶದ ವಿಜ್ಞಾನಿ ಅನ್ವರುಲ್ ಹಕ್ ಕಾಲ್ವೆಲ್ ಜೊತೆಗೂಡಿ 1983ರಲ್ಲಿ ಈ ನಂಟನ್ನು ವಿವರಿಸಿದರು. ದಶಕಗಳ ಕಾಲ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರು.

ಈಗ ಸೀಸನ್‌ಗಳ ಗುಟ್ಟು ಬಿಚ್ಚಿಕೊಳ್ಳುತ್ತದೆ. ಬಿಸಿಲೇರಿ ನೀರು ಬೆಚ್ಚಗಾದರೆ ಪಾಚಿಯಂಥ ಸೂಕ್ಷ್ಮ ಸಸ್ಯಗಳು ಹೆಚ್ಚುತ್ತವೆ. ಅವನ್ನು ತಿಂದು ಕೋಪೆಪಾಡ್‌ಗಳು ಹೆಚ್ಚುತ್ತವೆ. ಅವುಗಳ ಜೊತೆ ಬ್ಯಾಕ್ಟೀರಿಯಾ. ಕಾಲರಾ ಹಿಡಿಯಲು ಸಾಮಾನ್ಯವಾಗಿ ಸಾವಿರಗಟ್ಟಲೆ, ಎಷ್ಟೋ ಸಲ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗಬೇಕು, ಏಕೆಂದರೆ ಹೊಟ್ಟೆಯ ಆಮ್ಲ ಬಹುಪಾಲನ್ನು ಕೊಂದುಹಾಕುತ್ತದೆ. ಬರೀ ನೀರಿನಲ್ಲಿ ಚದುರಿರುವಾಗ ಅಷ್ಟೊಂದು ಸಂಖ್ಯೆ ಒಂದು ಲೋಟದಲ್ಲಿ ಸಿಗುವುದು ಕಷ್ಟ. ಕೋಪೆಪಾಡ್‌ಗಳು ತುಂಬಿದ ನೀರಾದರೆ ಕೆಲವೇ ಗುಟುಕು ಸಾಕು.

ಇಲ್ಲಿಂದ ಮುಂದಿನದು ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಬ್ಯಾಕ್ಟೀರಿಯಾ ಬಟ್ಟೆಯ ಸಂದಿಯಲ್ಲಿ ಸಲೀಸಾಗಿ ನುಸುಳಿಬಿಡುತ್ತದೆ. ಕೋಪೆಪಾಡ್ ನುಸುಳುವುದಿಲ್ಲ. ಅಂದಮೇಲೆ ಬ್ಯಾಕ್ಟೀರಿಯಾವನ್ನು ಬಿಟ್ಟು ಕೋಪೆಪಾಡನ್ನೇ ಸೋಸಿದರೆ? ಬಾಂಗ್ಲಾದೇಶದ ಹಳ್ಳಿಯ ಹೆಂಗಸರು ಶರಬತ್ತು ಮಾಡುವಾಗ ಸೀರೆಯ ಬಟ್ಟೆಯಲ್ಲಿ ಸೋಸುವುದು ಇದ್ದೇ ಇತ್ತು. ನೀರನ್ನು ಕುದಿಸಿ ಕುಡಿಯಿರಿ ಎಂದು ಹೇಳುವುದು ಸುಲಭ. ಆದರೆ ಅಲ್ಲಿ ಸೌದೆಗೆ ಬರ. ಪ್ರವಾಹ ಬಂದಾಗ ಒಲೆ ಹೊತ್ತಿಸಲು ಒಣ ಜಾಗವೂ ಇರುವುದಿಲ್ಲ. ಕೊಳವೆಬಾವಿ ಇದ್ದರೂ ಎಷ್ಟೋ ಕಡೆ ಅದರ ನೀರಿನಲ್ಲಿ ಆರ್ಸೆನಿಕ್ ವಿಷ. ಹಳೇ ಸೀರೆ ಮಾತ್ರ ಎಂಥ ಬಡವರ ಮನೆಯಲ್ಲೂ ಇದೆ.

ಪ್ರಯೋಗಾಲಯದಲ್ಲಿ ಸೀರೆಗಳನ್ನು ತಂದು ಪರೀಕ್ಷೆ ಮಾಡಿದರು. ಹೊಸ ಸೀರೆಗಿಂತ ಹಳೇ ಹತ್ತಿ ಸೀರೆಯೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಗೊತ್ತಾಯಿತು. ಒಗೆದು ಒಗೆದು ನೂಲಿನ ಎಳೆಗಳು ಬಿಡಿಸಿಕೊಂಡು ಉಬ್ಬುತ್ತವೆ, ನಡುವಿನ ತೂತುಗಳು ಕಿರಿದಾಗುತ್ತವೆ. ನಾಲ್ಕು ಪದರ ಮಾಡಿದರೆ ತೂತಿನ ಗಾತ್ರ ಸುಮಾರು 20 ಮೈಕ್ರಾನ್‌ಗೆ, ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೋಪೆಪಾಡ್‌ಗಳು ಮತ್ತು ಅವಕ್ಕೆ ಅಂಟಿದ ಬ್ಯಾಕ್ಟೀರಿಯಾಗಳಲ್ಲಿ ಶೇ. 99 ಬಟ್ಟೆಯಲ್ಲೇ ಉಳಿಯುತ್ತವೆ.

ಆಮೇಲೆ ಹಳ್ಳಿಗಳಿಗೆ ಹೋದರು. ಢಾಕಾದಿಂದ ಸುಮಾರು 55 ಕಿಲೋಮೀಟರ್ ದೂರದ ಮತ್ಲಬ್ ಪ್ರದೇಶ. ಅಲ್ಲಿ ಅತಿಸಾರ ರೋಗಗಳ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ 1960ರ ದಶಕದಿಂದಲೂ ಪ್ರತಿ ಮನೆಯ ಆರೋಗ್ಯದ ಲೆಕ್ಕ ಇಡುತ್ತಿದೆ. 65 ಹಳ್ಳಿಗಳು, ಸುಮಾರು 1,33,000 ಜನ. ಕೆಲವು ಹಳ್ಳಿಗಳಲ್ಲಿ ಸೀರೆ, ಕೆಲವು ಕಡೆ ನೈಲಾನ್ ಜಾಲರಿ, ಉಳಿದ ಕಡೆ ಎಂದಿನಂತೆ. ಬಿಂದಿಗೆಯ ಬಾಯಿಗೆ ಮಡಿಸಿದ ಸೀರೆ ಹಿಡಿದು ನೀರು ತುಂಬುವುದು, ಆಮೇಲೆ ಆ ಬಟ್ಟೆಯನ್ನು ಜಾಲಿಸಿ ಬಿಸಿಲಿಗೆ ಒಣಹಾಕುವುದು, ಇಷ್ಟೇ ಕೆಲಸ. ಇದನ್ನು ಹಳ್ಳಿಯ ಹೆಂಗಸರಿಗೆ ಹೇಳಿಕೊಟ್ಟವರೂ ಅಲ್ಲಿಯ ಹೆಂಗಸರೇ. 2003ರಲ್ಲಿ ಫಲಿತಾಂಶ ಬಂತು. ಸೀರೆಯಲ್ಲಿ ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇ. 48ರಷ್ಟು ಇಳಿದಿತ್ತು.

ಐದು ವರ್ಷ ಕಳೆದ ಮೇಲೆ ಮತ್ತೆ ಹೋಗಿ ನೋಡಿದಾಗ ಆ ಹೆಂಗಸರಲ್ಲಿ ಶೇ. 31ರಷ್ಟು ಮಂದಿ ಇನ್ನೂ ನೀರು ಸೋಸುತ್ತಿದ್ದರು. ಯಾರ ಒತ್ತಾಯವೂ ಇಲ್ಲದೆ, ಯಾವ ಯೋಜನೆಯ ದುಡ್ಡೂ ಇಲ್ಲದೆ. ಸರ್ಕಾರಿ ಯೋಜನೆ ಮುಗಿದ ಮರುವರ್ಷವೇ ಎಲ್ಲ ಮರೆತುಹೋಗುವುದನ್ನು ನಾವು ಎಷ್ಟು ಸಲ ನೋಡಿಲ್ಲ? ಹಾಗಾಗಿ ಈ ಅಂಕಿ ನನಗೆ ಆ 48ರಷ್ಟೇ ದೊಡ್ಡದಾಗಿ ಕಾಣುತ್ತದೆ. ಹಾಗಂತ ಸೀರೆ ಎಂದಿಗೂ ಶುದ್ಧ ನಲ್ಲಿ ನೀರಿಗೆ ಬದಲಿಯಲ್ಲ. ಅರ್ಧ ಕಡಿಮೆಯಾಯಿತು ಎಂದರೆ ಇನ್ನರ್ಧ ಉಳಿಯಿತು ಎಂದೇ ಅರ್ಥ. ಶುದ್ಧ ನೀರು ಬರುವ ತನಕ ಇವತ್ತೇ ಮಾಡಬಹುದಾದ ಕೆಲಸ ಅದು.

ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುವುದು, ಬಿಂದಿಗೆಗೆ ಬಟ್ಟೆ ಹಾಕಿ ನೀರು ಸೋಸುವುದು ನಮ್ಮ ಮನೆಗಳಲ್ಲೂ ಹಳೆಯ ರೂಢಿ. ಕರ್ನಾಟಕದಲ್ಲಿ ಇದು ಒಂದು ರೋಗವನ್ನೇ ಓಡಿಸಲು ನೆರವಾಗಿದೆ. ನಾರುಹುಣ್ಣು ನೆನಪಿದೆಯಾ? ಕಾಲಿನಿಂದ ಮೊಳಗಟ್ಟಲೆ ಉದ್ದದ ಬಿಳಿ ಹುಳು ನಿಧಾನಕ್ಕೆ ಹೊರಬರುವ ರೋಗ. ಭಾರತದಲ್ಲಿ ಇದು ಕಾಡುತ್ತಿದ್ದ ರಾಜ್ಯಗಳಲ್ಲಿ ನಮ್ಮದೂ ಒಂದು. ಅದರ ಮರಿಹುಳು ಸೇರಿಕೊಳ್ಳುವುದು ಸೈಕ್ಲಾಪ್ಸ್ ಎಂಬ ನೀರಿನ ಜೀವಿಯ ಒಳಗೆ. ಸೈಕ್ಲಾಪ್ಸ್ ಕೂಡ ಒಂದು ಕೋಪೆಪಾಡ್! ಜನ ಇಳಿದು ನೀರು ತುಂಬುತ್ತಿದ್ದ ಮೆಟ್ಟಿಲು ಬಾವಿಗಳನ್ನು ಮಾರ್ಪಡಿಸಿದರು, ಬೋರ್‌ವೆಲ್ ಕೊರೆದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. ದೇಶದ ಕೊನೆಯ ಕೇಸ್ 1996ರಲ್ಲಿ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಎಂದು ಘೋಷಣೆಯಾಯಿತು.

ಎರಡೂ ರೋಗ ಒಂದೇ ಬಗೆಯ ಜೀವಿಯನ್ನು ಹಿಡಿದು ನಮ್ಮ ಹೊಟ್ಟೆಗೆ ಬರುತ್ತವೆ. ಒಂದು ಹೋಯಿತು, ಇನ್ನೊಂದು ಏಕೆ ಹೋಗಲಿಲ್ಲ? ನಮ್ಮಲ್ಲಿ ನಾರುಹುಳು ಬದುಕು ಪೂರೈಸಬೇಕಾದರೆ ಮನುಷ್ಯನ ಮೈಯೊಳಗೆ ಬರಲೇಬೇಕಿತ್ತು. ಆ ದಾರಿ ಮುಚ್ಚಿದರೆ ಅದರ ವಂಶ ಮುಗಿಯಿತು. ವಿಬ್ರಿಯೊ ಕಾಲರೇಗೆ ನಾವು ಬೇಕೇ ಬೇಕು ಅಂತಿಲ್ಲ. ನಾವು ಇಲ್ಲದಿದ್ದರೂ ಅದು ಅಳಿವೆಗಳಲ್ಲಿ ಹಾಯಾಗಿರುತ್ತದೆ. ಹಾಗಾಗಿ ಸಿಡುಬನ್ನು ಅಳಿಸಿದ ಹಾಗೆ ಈ ಬ್ಯಾಕ್ಟೀರಿಯಾವನ್ನು ಭೂಮಿಯಿಂದ ಅಳಿಸಲು ಆಗುವುದಿಲ್ಲ ಎಂಬುದು ಕಾಲ್ವೆಲ್ ವಾದ.

ಅಳಿಸಲಾಗದಿದ್ದರೆ ಮುನ್ಸೂಚನೆಯಾದರೂ ಕೊಡಬಹುದಲ್ಲ? ನೀರಿನ ಬಿಸಿ ಏರಿ, ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯ, ಜೀವಿಗಳು) ಹೆಚ್ಚಿದ ಮೇಲೆ ಕಾಲರಾ ಬರುತ್ತದೆ ಎಂದಾದರೆ, ಆ ಎರಡನ್ನೂ ಉಪಗ್ರಹದಿಂದ ನೋಡಬಹುದು. 2000ದಲ್ಲಿ ಅವರ ತಂಡ ಬಂಗಾಳ ಕೊಲ್ಲಿಯ ಮೇಲ್ಮೈ ತಾಪಮಾನ, ನೀರಿನ ಮಟ್ಟ ಇವುಗಳ ಉಪಗ್ರಹ ಮಾಹಿತಿಯನ್ನು ಬಾಂಗ್ಲಾದೇಶದ ಕಾಲರಾ ಕೇಸ್‌ಗಳ ಜೊತೆ ಇಟ್ಟು ನೋಡಿತು. ಎರಡರ ಏರಿಳಿತ ಒಂದಕ್ಕೊಂದು ಹೊಂದಿತು. ಮುಂದೆ ಅಂತರ್‌ಪ್ರೀತ್ ಜುಟ್ಲಾ ಎಂಬ ಎಂಜಿನಿಯರ್ ಜೊತೆ ಇದನ್ನು ಬೆಳೆಸಿದರು. ಯೆಮೆನ್‌ನಲ್ಲಿ ಯುದ್ಧದ ನಡುವೆ 2017ರಲ್ಲಿ ಕಾಲರಾ ಹರಡಿ, ವರ್ಷದ ಕೊನೆಗೆ ಶಂಕಿತ ಕೇಸ್‌ಗಳು ಹತ್ತು ಲಕ್ಷ ತಲುಪಿದ್ದವು. 2018ರಲ್ಲಿ ಅಲ್ಲಿ ಈ ಲೆಕ್ಕಾಚಾರವನ್ನು ಬಳಸಿದರು. ತಾಪಮಾನ, ಮಳೆ, ಜನಸಂಖ್ಯೆ, ನೀರಿನ ವ್ಯವಸ್ಥೆಯ ಸ್ಥಿತಿ ಸೇರಿಸಿ, ಮುಂದಿನ ನಾಲ್ಕು ವಾರಗಳಲ್ಲಿ ಯಾವ ಜಿಲ್ಲೆಗೆ ಅಪಾಯ ಜಾಸ್ತಿ ಎಂದು ನಕ್ಷೆ ಮಾಡುವುದು. ನೆರವಿನ ಸಂಸ್ಥೆಗಳು ಆ ನಕ್ಷೆ ನೋಡಿಕೊಂಡು ಕ್ಲೋರಿನ್, ಔಷಧಿ ಮೊದಲೇ ಕಳಿಸಿದವು.

ಕಾಲ್ವೆಲ್ ಹೇಳಿದ್ದೆಲ್ಲವನ್ನೂ ಎಲ್ಲರೂ ಒಪ್ಪಿದ್ದಾರೆ ಎಂದಲ್ಲ. ದೊಡ್ಡ ಜಗಳ ನಡೆದದ್ದು ಹೈಟಿಯ ವಿಷಯದಲ್ಲಿ. 2010ರ ಜನವರಿಯಲ್ಲಿ ಅಲ್ಲಿ ಭೂಕಂಪ. ಅಕ್ಟೋಬರ್‌ನಲ್ಲಿ ಕಾಲರಾ. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಕಾಲ್ವೆಲ್ ತಂಡ ರೋಗಿಗಳ ಸ್ಯಾಂಪಲ್‌ಗಳಲ್ಲಿ ಸ್ಥಳೀಯ ನೀರಿನ ಬೇರೆ ಬಗೆಯ ವಿಬ್ರಿಯೊಗಳೂ ಸಿಕ್ಕವು ಎಂದು 2012ರಲ್ಲಿ ಬರೆದು, ಪರಿಸರದ ಪಾತ್ರವನ್ನು ಎತ್ತಿ ಹೇಳಿತು. ಆದರೆ ಸ್ಥಳದಲ್ಲಿ ನಡೆದ ತನಿಖೆ ಮತ್ತು ಬ್ಯಾಕ್ಟೀರಿಯಾದ ಜೀನೋಮ್ (ಪೂರ್ತಿ ಜೀನ್‌ಗಳ ಸಮೂಹ) ಹೋಲಿಕೆ ಎರಡೂ ಇನ್ನೊಂದು ಕಡೆ ಬೆರಳು ತೋರಿಸಿದವು. ನೇಪಾಳದಿಂದ ಬಂದ ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಮಲಿನ ನೀರು ಹೊಳೆಗೆ ಸೇರಿತ್ತು. ಹಾವಳಿಗೆ ಕಾರಣವಾದ ಬಗೆ ನೇಪಾಳದ ಬಗೆಗೇ ಹೊಂದುತ್ತಿತ್ತು. 2016ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿ ಜನರ ಕ್ಷಮೆ ಕೇಳಿದರು.

ನನ್ನ ಓದಿನಲ್ಲಿ ಹೈಟಿಯ ವಿಷಯದಲ್ಲಿ ಪುರಾವೆ ವಿಶ್ವಸಂಸ್ಥೆಯ ಶಿಬಿರದ ಕಡೆಗೇ ವಾಲುತ್ತದೆ. ವಿಬ್ರಿಯೊ ಕಾಲರೇಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ದೊಡ್ಡ ಹಾವಳಿ ಎಬ್ಬಿಸಿದವು ಎರಡೇ, ಓ1 ಮತ್ತು 1992ರಲ್ಲಿ ಮದ್ರಾಸಿನಲ್ಲಿ ಮೊದಲು ಕಾಣಿಸಿಕೊಂಡ ಓ139. ವಿಷ ತಯಾರಿಸುವ ಜೀನ್ ಕೂಡ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಅದನ್ನು ತಂದು ಸೇರಿಸುವುದು ಒಂದು ವೈರಸ್ ಎಂದು 1996ರಲ್ಲಿ ಗೊತ್ತಾಯಿತು. ಅಂದರೆ ಎಲ್ಲ ನೀರಿನ ವಿಬ್ರಿಯೊ ಕೊಲೆಗಡುಕ ಅಲ್ಲ. ಕೊಲೆಗಡುಕ ಬಗೆಗಳು ಹಡಗು, ವಿಮಾನ, ಸೈನ್ಯದ ಜೊತೆ ದೇಶ ದಾಟುತ್ತವೆ. ದಾಟಿದ ಮೇಲೆ ಎಲ್ಲಿ ಬೇರೂರುತ್ತವೆ, ಯಾವ ತಿಂಗಳು ಏಳುತ್ತವೆ ಎನ್ನುವುದನ್ನು ನೀರು, ಬಿಸಿಲು, ಮಳೆ ನಿರ್ಧರಿಸುತ್ತವೆ. ಈ ಎರಡನೇ ಭಾಗವನ್ನು ನಮಗೆ ಕಾಣಿಸಿದ್ದು ಕಾಲ್ವೆಲ್ ಮತ್ತು ಅವರ ಜೊತೆಗಾರರು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 1998ರಿಂದ 2004ರವರೆಗೆ ಅವರು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ನಿರ್ದೇಶಕಿ, ಆ ಹುದ್ದೆಗೆ ಬಂದ ಮೊದಲ ಮಹಿಳೆ. 2001ರಲ್ಲಿ ಆಂಥ್ರಾಕ್ಸ್ ಎಂಬ ಮಾರಕ ರೋಗದ ಬ್ಯಾಕ್ಟೀರಿಯಾ ಪುಡಿ ತುಂಬಿದ ಪತ್ರಗಳು ಅಮೆರಿಕದಲ್ಲಿ ಐವರನ್ನು ಕೊಂದಾಗ, ಆ ಬ್ಯಾಕ್ಟೀರಿಯಾದ ಜೀನೋಮ್ ಓದಿ ಮೂಲ ಪತ್ತೆ ಮಾಡುವ ಕೆಲಸಕ್ಕೆ ಹಲವು ಇಲಾಖೆಗಳನ್ನು ಒಟ್ಟು ಸೇರಿಸಿದವರಲ್ಲಿ ಅವರಿದ್ದರು. 2010ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂತು.

ನೀರನ್ನು ನೋಡಿ ರೋಗದ ಸುಳಿವು ಹಿಡಿಯುವ ಈ ಕೆಲಸ ಈಗ ನಮ್ಮಲ್ಲೂ ನಡೆಯುತ್ತಿದೆ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ಸಂಶೋಧಕರು ನಗರದ ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಸ್ಯಾಂಪಲ್ ತಂದು, ಅದರಲ್ಲಿ ವೈರಸ್ ಎಷ್ಟಿದೆ, ಯಾವ ತಳಿ ಎಂದು ನೋಡುತ್ತಿದ್ದರು. ಸೋಂಕಿತರು ಟೆಸ್ಟ್ ಮಾಡಿಸಿಕೊಳ್ಳದಿದ್ದರೂ ಅವರ ಶೌಚಾಲಯದ ನೀರು ಘಟಕಕ್ಕೆ ಬಂದೇ ಬರುತ್ತದೆ.

ಮನೆಯ ಮಟ್ಟಿಗೆ ಹೇಳುವುದಾದರೆ, ಬಟ್ಟೆಯಲ್ಲಿ ಸೋಸುವುದು ಕೋಪೆಪಾಡ್ ಹಿಡಿಯುತ್ತದೆ, ಬಿಡಿ ಬ್ಯಾಕ್ಟೀರಿಯಾ, ವೈರಸ್ ಹಿಡಿಯುವುದಿಲ್ಲ. ನಲ್ಲಿ ನೀರಿಗೆ ಚರಂಡಿ ನೀರು ಸೇರಿದ ಅನುಮಾನ ಬಂದರೆ ಸೋಸಿ, ಆಮೇಲೆ ಚೆನ್ನಾಗಿ ಕುದಿಸಿಯೇ ಕುಡಿಯಬೇಕು. ವಾಂತಿಭೇದಿ ಶುರುವಾದರೆ ಕೂಡಲೇ ಓಆರ್‌ಎಸ್ ಕೊಡಬೇಕು. 1971ರ ಬಾಂಗ್ಲಾದೇಶ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರಿಂದಲೇ ಕುಡಿಸಿ, ಸಾವಿನ ಪ್ರಮಾಣವನ್ನು ಸುಮಾರು ಶೇ. 30ರಿಂದ ಶೇ. 4ಕ್ಕಿಂತ ಕೆಳಗೆ ಇಳಿಸಿದ್ದರು. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟ ಮಾಡಿದ ಅಳತೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲೂ ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ.